ಆ ಸಿನಿಮಾ ಸುಳ್ಳು ಹೇಳಿಲ್ಲ

‘ಫಾರ್ ಗ್ರೇಟರ್ ಗ್ಲೋರಿ’ 2012ರಲ್ಲಿ ಬಂದ ಚಿತ್ರ. ಮೆಕ್ಸಿಕೋದಲ್ಲಿ 1926ರಿಂದ 1929ರವರೆಗೆ ನಡೆದ ಕ್ರಿಸ್ಟೆರೊ ದಂಗೆ ಅದರ ವಸ್ತು. ಅದು ಬರೀ ಚರ್ಚಿನ ಪ್ರಚಾರ ಎಂದು ತಳ್ಳಿಹಾಕುವವರು ಹಲವರಿದ್ದಾರೆ. ಅವರ ವಾದದಲ್ಲಿ ಒಂದೆರಡು ಮಾತು ನಿಜ. ಉಳಿದವಕ್ಕೆ ಉತ್ತರ ಹೇಳಲೇಬೇಕು.

ಅಧ್ಯಕ್ಷ ಕಾಯೆಸ್ ಧರ್ಮವನ್ನು ಆಡಳಿತದಿಂದ ಬೇರ್ಪಡಿಸಿದರಷ್ಟೇ, ಕಿರುಕುಳ ಎಲ್ಲಿ ಬಂತು ಎನ್ನುತ್ತಾರೆ. 1926ರ ಜುಲೈ 31ರಂದು ಜಾರಿಗೆ ಬಂದ ಅವರ ಕಾಯಿದೆಯನ್ನೇ ತೆಗೆದು ನೋಡಿ. ಪಾದ್ರಿಯೊಬ್ಬ ನಿಲುವಂಗಿ ತೊಟ್ಟು ಬೀದಿಗಿಳಿದರೆ 500 ಪೆಸೊ ದಂಡ. ಸರ್ಕಾರವನ್ನು ಟೀಕಿಸಿದರೆ ಐದು ವರ್ಷದವರೆಗೆ ಜೈಲು. ತಬಾಸ್ಕೊ ರಾಜ್ಯದಲ್ಲಂತೂ ಮದುವೆಯಾದ ಪಾದ್ರಿಗಷ್ಟೇ ಪೂಜೆಯ ಪರವಾನಗಿ. ಸಾರ್ವಜನಿಕ ಪೂಜೆ ನಿಲ್ಲಿಸಿದವರು ಬಿಷಪ್ಪರೇ, ಒಪ್ಪಿದೆ. ಆದರೆ ನಿಲ್ಲಿಸಿದ್ದು ಈ ಕಾಯಿದೆಯ ವಿರುದ್ಧ ಪ್ರತಿಭಟಿಸಿ. ಬಲಿಪೀಠದ ತನಕ ಪೊಲೀಸರನ್ನು ಕಳಿಸುವ ಸರ್ಕಾರವನ್ನು ಧರ್ಮನಿರಪೇಕ್ಷ ಎಂದು ಕರೆಯಲು ನನ್ನಿಂದಾಗದು.

ಭೂಸುಧಾರಣೆಗೆ ಹೆದರಿದ ಜಮೀನ್ದಾರರ ದಂಗೆ ಇದು ಎಂಬುದು ಇನ್ನೊಂದು ವಾದ. ಇತಿಹಾಸಕಾರ ಜ್ಯಾಂ ಮೆಯೆರ್ 1960ರ ದಶಕದಲ್ಲಿ ಬದುಕುಳಿದ ಹೋರಾಟಗಾರರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದರು. ಅವರು ಕಂಡವರಲ್ಲಿ ಬಹುಪಾಲು ಹಳ್ಳಿಯ ಬಡವರು. ದೊಡ್ಡ ಜಮೀನ್ದಾರರು ಸಾಮಾನ್ಯವಾಗಿ ದಂಗೆಯಿಂದ ದೂರವೇ ಉಳಿದಿದ್ದರು. ಸರ್ಕಾರ ತಾನು ಭೂಮಿ ಕೊಟ್ಟ ರೈತರ ಕೈಗೇ ಬಂದೂಕು ಕೊಟ್ಟು ದಂಗೆಕೋರರ ಮೇಲೆ ಬಿಟ್ಟಿತು. ಬಡವರ ಎದುರು ಬಡವರನ್ನೇ ನಿಲ್ಲಿಸಿದ ಯುದ್ಧ ಅದು.

ಕ್ರಿಸ್ಟೆರೊಗಳ ಕ್ರೌರ್ಯವನ್ನು ಮುಚ್ಚಿಟ್ಟಿದ್ದಾರೆಂಬ ದೂರಿಗಂತೂ ಆಧಾರವಿಲ್ಲ. 1927ರ ಏಪ್ರಿಲ್‌ನಲ್ಲಿ ಪಾದ್ರಿ ರೆಯೆಸ್ ವೇಗಾ ರೈಲಿಗೆ ಬೆಂಕಿ ಹಚ್ಚಿಸಿದಾಗ ಒಳಗಿದ್ದ ಪ್ರಯಾಣಿಕರು ಬೆಂದು ಸತ್ತರು. ಆ ಘೋರ ಘಟನೆ ಚಿತ್ರದಲ್ಲಿಯೇ ಇದೆ.

ನನ್ನನ್ನು ಹೆಚ್ಚು ನೋಯಿಸಿದ ಮಾತು ಬೇರೆ: ಹುಡುಗನ ಸಾವನ್ನು ತೋರಿಸಿ ಕಣ್ಣೀರು ಹಿಂಡಿದ್ದಾರೆ ಎಂಬುದು. ಹೊಸೆ ಸಾಂಚೆಸ್ ದೆಲ್ ರಿಯೊ ಯಾರೋ ಕಥೆಗಾರ ಕಟ್ಟಿದ ಪಾತ್ರವಲ್ಲ. ಸಾವಾಯೊ ಊರಿನವನು. ಕಾಳಗದಲ್ಲಿ ನಾಯಕನ ಕುದುರೆ ಸತ್ತಾಗ ತನ್ನ ಕುದುರೆಯನ್ನು ಕೊಟ್ಟು ತಾನು ಸೆರೆಸಿಕ್ಕ. ಅವನನ್ನು ಕೂಡಿಹಾಕಿದ್ದು ಅವನದೇ ಊರಿನ ಇಗರ್ಜಿಯಲ್ಲಿ. ಸೈನಿಕರು ಅದನ್ನು ಕುದುರೆಲಾಯ ಮಾಡಿಕೊಂಡಿದ್ದರು. ಅಲ್ಲಿನ ರಾಜಕಾರಣಿ ಪಿಕಾಸೊ, ಹುಡುಗನ ಧರ್ಮಪಿತ, ತನ್ನ ಅಂಕದ ಕೋಳಿಗಳನ್ನೂ ಅಲ್ಲಿಯೇ ಬಿಟ್ಟಿದ್ದ. ದೇವರ ಮನೆ ಹಟ್ಟಿಯಲ್ಲ ಎಂದು ಹುಡುಗ ಆ ಕೋಳಿಗಳ ಕತ್ತು ಮುರಿದು ಹಾಕಿದ. 1928ರ ಫೆಬ್ರುವರಿ 10ರ ರಾತ್ರಿ ಅವನ ಅಂಗಾಲು ಸೀಳಿ, ಬರಿಗಾಲಲ್ಲಿ ಸ್ಮಶಾನದವರೆಗೆ ನಡೆಸಿ ಕೊಂದರು. ಹದಿನೈದು ತುಂಬಿರಲಿಲ್ಲ. ಇದನ್ನು ಕಣ್ಣೀರಿಲ್ಲದೆ ತೋರಿಸುವುದು ಹೇಗೆಂದು ಆಕ್ಷೇಪಿಸುವವರೇ ಹೇಳಲಿ.

ದಂಗೆಕೋರರ ಸೇನಾನಿ ಗೊರೊಸ್ತಿಯೆತಾ ಸಂಬಳಕ್ಕೆ ಬಂದವನು ಎನ್ನುತ್ತಾರೆ. ಬಂದದ್ದು ಸಂಬಳಕ್ಕೇ, ಚಿತ್ರವೂ ಅದನ್ನೇ ಹೇಳುತ್ತದೆ. ಸರ್ಕಾರ ಮತ್ತು ಬಿಷಪ್ಪರ ನಡುವೆ ಒಪ್ಪಂದವಾಗುವ 19 ದಿನ ಮೊದಲು, 1929ರ ಜೂನ್ 2ರಂದು, ಅವನು ಗುಂಡಿಗೆ ಬಲಿಯಾದ. ಸಂಬಳವೊಂದಕ್ಕೇ ಯಾರೂ ಅಲ್ಲಿಯವರೆಗೆ ನಿಲ್ಲುವುದಿಲ್ಲ.

ಚಿತ್ರದ ಬಗ್ಗೆ ನನ್ನದೂ ಒಂದು ತಕರಾರಿದೆ. ಒಪ್ಪಂದಕ್ಕೆ ಬಂದು ಕಥೆ ಬೇಗ ಮುಗಿದುಬಿಡುತ್ತದೆ. ಹೋರಾಡಿದವರನ್ನು ಕೇಳದೆಯೇ ಮಾಡಿಕೊಂಡ ಒಪ್ಪಂದ ಅದು. ಕ್ಷಮಾದಾನವನ್ನು ನಂಬಿ ಬಂದೂಕು ಕೆಳಗಿಟ್ಟ ಎಷ್ಟೋ ಜನರನ್ನು ಆಮೇಲೆ ಹುಡುಕಿ ಹುಡುಕಿ ಕೊಂದರು. ಅಷ್ಟಾದರೂ ಕಾಯೆಸ್ ಕಾಯಿದೆಗೆ ಆಧಾರವಾಗಿದ್ದ ಸಂವಿಧಾನದ ಕಲಮುಗಳು ಹಾಗೆಯೇ ಉಳಿದವು. ಮೆಕ್ಸಿಕೋದ ಪಾದ್ರಿಗಳಿಗೆ ಮತದಾನದ ಹಕ್ಕು ಸಿಕ್ಕಿದ್ದು 1992ರಲ್ಲಿ.