ಬಿಲ್ಲು ಬೇಡ, ಲೆಕ್ಕದ ವಹಿ ಬೇಕು

ಕಳೆದ ಮುಂಗಾರಿನಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಬೀಜೋಪಚಾರದ ಪ್ರಾತ್ಯಕ್ಷಿಕೆ ಮುಗಿಸಿ ವಾಚನಾಲಯದ ಕಟ್ಟೆಯ ಮೇಲೆ ಕುಳಿತಿದ್ದೆ. ಮಾತು ಎಂದಿನಂತೆ ಕೃಷ್ಣಮೃಗದ ಕಡೆಗೆ ಹೊರಳಿತು. ನಾಲ್ಕೆಲೆಯ ಗೋವಿನಜೋಳವನ್ನು ಹಿಂಡು ಬಂದು ಹೇಗೆ ನೆಲಮಟ್ಟಕ್ಕೆ ಮೇಯ್ದು ಹೋಯಿತು, ಎರಡನೆಯ ಸಲ ಬಿತ್ತಲು ಬೀಜಕ್ಕೆ ಎಷ್ಟು ಸಾಲವಾಯಿತು ಎಂದು ಒಬ್ಬೊಬ್ಬರೂ ಹೇಳತೊಡಗಿದರು. ಆಗ ಒಬ್ಬ ತರುಣ ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದ. ಅಮೆರಿಕದ ಕಾಡಿನಲ್ಲಿ ಮರದ ಮೇಲೆ ಕುಳಿತವನೊಬ್ಬ ಬಿಲ್ಲು ಎಳೆದು ಜಿಂಕೆಗೆ ಬಾಣ ಬಿಡುವ ಚಿತ್ರ ಅದು.

"ನೋಡ್ರಿ ಸಾಹೇಬ್ರ, ಅಲ್ಲಿ ಬೇಕಾದವ್ರು ಬೇಕಾದಂಗ ಚಿಗರಿ ಹೊಡೀತಾರ. ಇಲ್ಲಿ ನಾವು ಕಲ್ಲು ಒಗದ್ರೂ ಕೇಸು. ನಮಗ್ಯಾಕ ಈ ಕಾಯ್ದೆ?" ಎಂದ.

ಪ್ರಶ್ನೆ ಸಿಟ್ಟಿನದಾದರೂ ನ್ಯಾಯವಾದದ್ದು. ಆದರೆ "ಬೇಕಾದವರು ಬೇಕಾದಂತೆ" ಎಂಬ ಮಾತು ಮಾತ್ರ ಸರಿಯಲ್ಲ. ಆ ದೇಶದ ಬಿಲ್ಲುಬೇಟೆಯ ಹಿಂದೆ ಇರುವ ಕಟ್ಟುಪಾಡನ್ನು ನಮ್ಮ ರೈತರು ತಿಳಿಯುವುದು ಅಗತ್ಯ. ಅಲ್ಲಿಂದ ನಾವು ಕಲಿಯಬೇಕಾದದ್ದಿದೆ. ಅದು ಬಿಲ್ಲು ಮಾತ್ರ ಅಲ್ಲ.

ಬರಿದಾದ ಮೇಲೆ ಬಂದ ಬುದ್ಧಿ

ಅಲ್ಲಿ ಬೇಟೆಯಾಡುವುದು ಹೆಚ್ಚಾಗಿ ಬಿಳಿಬಾಲದ ಜಿಂಕೆಯನ್ನು. ಓಡುವಾಗ ಬಾಲವನ್ನೆತ್ತಿ ಅದರ ಬಿಳಿಯ ಒಳಭಾಗವನ್ನು ತೋರಿಸುವುದರಿಂದ ಈ ಹೆಸರು. ಉತ್ತರದ ರಾಜ್ಯಗಳಲ್ಲಿ ಬಲಿತ ಗಂಡು ನೂರು ಕಿಲೋ ದಾಟುವುದುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಇದರ ಮಾಂಸ ಮತ್ತು ಚರ್ಮವನ್ನು ಪೇಟೆಗೆ ಮಾರುವ ವೃತ್ತಿ ಬೇಟೆಗಾರರು ಹಗಲು ರಾತ್ರಿ ಹೊಡೆದು, 1900ರ ಸುಮಾರಿಗೆ ದೇಶದಲ್ಲೆಲ್ಲ ಸೇರಿ ಮೂರರಿಂದ ಐದು ಲಕ್ಷ ಜಿಂಕೆಗಳು ಮಾತ್ರ ಉಳಿದವೆಂದು ಅಂದಾಜು. ಆಗ ಸರ್ಕಾರಗಳು ಎಚ್ಚೆತ್ತವು. ಅಕ್ರಮವಾಗಿ ಹೊಡೆದ ಪ್ರಾಣಿಯನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನು 1900ರ ಲೇಸಿ ಕಾಯಿದೆ ನಿಷೇಧಿಸಿತು. ಕಾಡಿನ ಜಿಂಕೆಯ ಮಾಂಸ ಮಾರುವುದನ್ನು ರಾಜ್ಯಗಳು ನಿಲ್ಲಿಸಿದವು. ಇಂದು ಅಲ್ಲಿ ಸುಮಾರು ಮೂರು ಕೋಟಿ ಜಿಂಕೆಗಳಿವೆಯೆಂದು ಅಂದಾಜಿಸಲಾಗಿದೆ.

ಇದರಿಂದ ಸ್ಪಷ್ಟವಾಗುವ ಸಂಗತಿ ಒಂದೇ. ಅಲ್ಲಿ ಇಂದು ಬೇಟೆ ಇರುವುದು ಹಿಂದೆ ಬಿಗಿಯಾಗಿ ಬೇಟೆ ನಿಲ್ಲಿಸಿದ್ದರಿಂದ. ಇಂದಿಗೂ ಬೇಟೆಗಾರ ತಾನು ಹೊಡೆದ ಮಾಂಸವನ್ನು ಮನೆಯಲ್ಲಿ ತಿನ್ನಬಹುದು, ನೆಂಟರಿಗೆ ಹಂಚಬಹುದು, ಬಡವರ ಅನ್ನಛತ್ರಗಳಿಗೆ ಕೊಡಬಹುದು. ಮಾರುವಂತಿಲ್ಲ. ಪ್ರಾಣಿಗೆ ಪೇಟೆಯ ಧಾರಣೆ ಕಟ್ಟಿದ ದಿನವೇ ಅದರ ಸಂತತಿ ಕರಗುತ್ತದೆ ಎಂಬುದನ್ನು ಅವರು ಅನುಭವದಿಂದ ಕಲಿತಿದ್ದಾರೆ.

ಹಗಲು ಕಿರಿದಾಗುವ ಕಾಲ

ಈ ಬೇಟೆ ಚಳಿಗಾಲಕ್ಕೆ ಮುಂಚಿನ, ಎಲೆ ಉದುರುವ ತಿಂಗಳುಗಳಲ್ಲಿಯೇ ಏಕೆ? ಸೇವಂತಿಗೆ ಬೆಳೆಯುವ ರೈತರಿಗೆ ಇದು ಬೇಗ ಅರ್ಥವಾದೀತು. ಹಗಲು ಕಿರಿದಾದಾಗ ಸೇವಂತಿಗೆ ಮೊಗ್ಗು ಕಟ್ಟುವಂತೆ, ಹಗಲು ಕಿರಿದಾದಾಗ ಈ ಜಿಂಕೆಗೆ ಬೆದೆ ಬರುತ್ತದೆ. ಉತ್ತರದ ರಾಜ್ಯಗಳಲ್ಲಿ ನವೆಂಬರ್ ತಿಂಗಳು ಅದರ ಭರಾಟೆಯ ಕಾಲ. ಸುಮಾರು 200 ದಿನಗಳ ಗರ್ಭ. ಮೇ ಕೊನೆ, ಜೂನ್ ಹೊತ್ತಿಗೆ ಹಸಿರು ಮೇವಿರುವಾಗ ಮರಿ ಹುಟ್ಟುತ್ತದೆ. ಮೇವು ಚೆನ್ನಾಗಿದ್ದರೆ ಅವಳಿ ಮರಿ ಸಾಮಾನ್ಯ. ಮರಿಗಳು ತಾಯಿಯ ಹಾಲು ಬಿಟ್ಟು ಬಲಿತ ಮೇಲೆ, ಮುಂದಿನ ಗರ್ಭ ನಿಲ್ಲುವ ಮೊದಲು ಅಥವಾ ನಿಲ್ಲುವ ವೇಳೆಗೆ ಹಿಂಡನ್ನು ಕಡಿಮೆ ಮಾಡಬೇಕು ಎಂಬ ಲೆಕ್ಕದಿಂದ ಋತುವನ್ನು ಗೊತ್ತುಪಡಿಸಲಾಗಿದೆ.

ವಿಸ್ಕಾನ್ಸಿನ್ ರಾಜ್ಯವನ್ನೇ ಉದಾಹರಣೆಯಾಗಿ ನೋಡೋಣ. ಹೈನು, ಗೋವಿನಜೋಳ, ಸೋಯಾಬೀನ್, ಕುದುರೆಮಸಾಲೆ ಅಲ್ಲಿನ ರೈತರ ಬದುಕು. ಅಲ್ಲಿ 1934ರಲ್ಲಿ ಎರಡು ಜಿಲ್ಲೆಗಳಲ್ಲಿ ಬಿಲ್ಲಿಗೆಂದೇ ಪ್ರತ್ಯೇಕ ಬೇಟೆಕಾಲ ಆರಂಭವಾಯಿತು. ಈಗ ಸೆಪ್ಟೆಂಬರ್ ನಡುವಿನಲ್ಲಿ ಬಿಲ್ಲಿನ ಕಾಲ ತೆರೆಯುತ್ತದೆ. ಮುಖ್ಯ ಬಂದೂಕಿನ ಕಾಲ ನವೆಂಬರಿನಲ್ಲಿ ಒಂಬತ್ತು ದಿನ ಮಾತ್ರ. ಇತ್ತೀಚಿನ ವರ್ಷಗಳಲ್ಲಿ ಆ ಒಂದು ರಾಜ್ಯದಲ್ಲಿಯೇ ಎಲ್ಲ ಬಗೆಯ ಬೇಟೆಯಿಂದ ವರ್ಷಕ್ಕೆ ಮೂರು ಲಕ್ಷದ ಆಸುಪಾಸು ಜಿಂಕೆಗಳನ್ನು ತೆಗೆಯುತ್ತಾರೆ.

ಬಿಲ್ಲು ಹಿಡಿದವನಿಗೆ ಎಷ್ಟು ಕಟ್ಟು?

ಬಾಣ ಬಿಡುವುದು ಸುಲಭವೆಂದು ವಿಡಿಯೋ ನೋಡಿ ತಿಳಿಯಬೇಡಿ. ಈಗಿನ ಬಿಲ್ಲಿನ ಎರಡು ತುದಿಗಳಿಗೂ ರಾಟೆಗಳಿರುತ್ತವೆ. ಪೂರ್ತಿ ಎಳೆದಾಗ ಭಾರ ಬಹುಪಾಲು ಇಳಿಯುವುದರಿಂದ ಗುರಿ ಹಿಡಿದು ನಿಲ್ಲಬಹುದು. ಇದಕ್ಕೆ 1969ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು. ಆದರೂ ಜಿಂಕೆ ಇಪ್ಪತ್ತು ಮೂವತ್ತು ಗಜದೊಳಗೆ ಬರಬೇಕು. ಅದಕ್ಕಾಗಿ ನಾವು ಜೋಳದ ಹೊಲ ಕಾಯಲು ಕಟ್ಟುವ ಅಟ್ಟಣಿಗೆಯಂಥದನ್ನು ಮರಕ್ಕೆ ಕಟ್ಟಿಕೊಂಡು, ತನ್ನ ಮೈವಾಸನೆ ಜಿಂಕೆಯ ಕಡೆಗೆ ಹೋಗದಂತೆ ಗಾಳಿ ನೋಡಿ, ಗಂಟೆಗಟ್ಟಲೆ ಅಲುಗದೆ ಕೂರಬೇಕು. ನಿದ್ದೆಗಣ್ಣಿನಲ್ಲಿ ಅಟ್ಟಣಿಗೆಯಿಂದ ಬಿದ್ದು ಬೆನ್ನು ಮುರಿದುಕೊಳ್ಳುವವರು ಅಲ್ಲಿಯೂ ಇದ್ದಾರೆ. ಆದಕಾರಣ ಇಡೀ ಮೈಯನ್ನು ಹಿಡಿಯುವ ಸುರಕ್ಷಾ ಪಟ್ಟಿ ಕಟ್ಟಿಕೊಳ್ಳಬೇಕೆಂದು ಒತ್ತಿ ಹೇಳುತ್ತಾರೆ.

ಬಾಣ ಕೊಲ್ಲುವುದು ಅಲಗಿನಿಂದ ರಕ್ತ ಹರಿಸಿ. ಎರಡೂ ಶ್ವಾಸಕೋಶಗಳಿಗೆ ತಗುಲಿದರೆ ಪ್ರಾಣಿ ಬೇಗ ಬೀಳುತ್ತದೆ. ಹೊಟ್ಟೆಗೆ ತಗುಲಿದರೆ ಗಂಟೆಗಟ್ಟಲೆ ನರಳುತ್ತದೆ. ತಂತಿಯ ಸದ್ದಿಗೆ ಜಿಂಕೆ ತಟಕ್ಕನೆ ಮೈ ಕುಗ್ಗಿಸುವುದರಿಂದ ಗುರಿ ತಪ್ಪುವುದೂ ಉಂಟು. ಬಾಣ ತಗುಲಿಯೂ ಬೇಟೆಗಾರನಿಗೆ ಸಿಗದೆ ಹೋಗುವ ಜಿಂಕೆಗಳಿವೆ. ಆ ದೇಶದಲ್ಲಿಯೇ ಈ ಕಾರಣಕ್ಕೆ ಬಿಲ್ಲುಬೇಟೆಯನ್ನು ವಿರೋಧಿಸುವವರಿದ್ದಾರೆ, ಅವರ ಮಾತನ್ನು ತಳ್ಳಿಹಾಕುವಂತಿಲ್ಲ.

ಇನ್ನು ನಿಯಮಗಳು. ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1ರಂದು ಅಥವಾ ಆನಂತರ ಹುಟ್ಟಿದವರು ಬೇಟೆಯ ತರಬೇತಿಯಲ್ಲಿ ತೇರ್ಗಡೆಯಾದರೆ ಮಾತ್ರ ಸಾಮಾನ್ಯವಾಗಿ ಪರವಾನಗಿ. ಪರವಾನಗಿಗೆ ಹಣ ಕಟ್ಟಬೇಕು. ಗೊತ್ತುಪಡಿಸಿದ ವೇಳೆಯಲ್ಲಿ ಮಾತ್ರ ಹೊಡೆಯಬೇಕು. ಜಿಂಕೆ ಸರ್ಕಾರದ ರಕ್ಷಣೆಯಲ್ಲಿರುವ ಜನರ ಸ್ವತ್ತಾದರೂ ಖಾಸಗಿ ಹೊಲಕ್ಕೆ ಕಾಲಿಡಲು ಹೊಲದ ಒಡೆಯನ ಒಪ್ಪಿಗೆ ಬೇಕು. ಹೊಡೆದ ಜಿಂಕೆಯನ್ನು ಮರುದಿನ ಸಂಜೆ 5 ಗಂಟೆಯೊಳಗೆ ಇಲಾಖೆಗೆ ವರದಿ ಮಾಡಬೇಕು. ಗಂಡೋ ಹೆಣ್ಣೋ, ಯಾವ ಜಿಲ್ಲೆ, ಯಾವ ದಿನ ಎಲ್ಲವೂ ದಾಖಲೆಗೆ ಹೋಗುತ್ತದೆ. ಮುಂದಿನ ವರ್ಷ ಎಷ್ಟು ಪರವಾನಗಿ ಕೊಡಬೇಕೆಂದು ನಿಶ್ಚಯಿಸುವಾಗ ಈ ಲೆಕ್ಕ ಮುಂದೆ ಇರುತ್ತದೆ.

ಬೇಟೆಗಾರನಿಗೆ ಕೊಂಬು, ರೈತನಿಗೆ ಬೆಳೆ

ಇಷ್ಟೆಲ್ಲ ಇದ್ದೂ ಅಲ್ಲಿನ ರೈತನ ಬೆಳೆ ಉಳಿಯಿತೇ? ಪೂರ್ತಿ ಉಳಿಯಲಿಲ್ಲ. ಇಂದಿಗೂ ಜಿಂಕೆ ಅಲ್ಲಿ ಸೋಯಾ ಚಿಗುರನ್ನು, ಗೋವಿನಜೋಳದ ತೆನೆಯನ್ನು ತಿನ್ನುತ್ತದೆ. ತೋಟಗಳಿಗೆ ಎಂಟಡಿ ಎತ್ತರದ ಬೇಲಿ ಹಾಕುತ್ತಾರೆ. ಇದಕ್ಕೆ ಮುಖ್ಯ ಕಾರಣವೊಂದನ್ನು ಪಶು ಸಾಕುವ ನಮ್ಮ ರೈತರು ತಕ್ಷಣ ಹಿಡಿಯುತ್ತಾರೆ. ಒಂದು ಹೋತ ಹತ್ತಾರು ಆಡುಗಳಿಗೆ ಸಾಕು. ಹತ್ತು ಹೋತಗಳಲ್ಲಿ ಎಂಟನ್ನು ತೆಗೆದರೂ ಮಂದೆ ಬೆಳೆಯುತ್ತಲೇ ಇರುತ್ತದೆ. ಜಿಂಕೆಯೂ ಹಾಗೆಯೇ. ಹಿಂಡು ತಗ್ಗಬೇಕಾದರೆ ಹೆಣ್ಣನ್ನು ತೆಗೆಯಬೇಕು. ಆದರೆ ಅನೇಕ ಬೇಟೆಗಾರರಿಗೆ ಬೇಕಾದದ್ದು ಗೋಡೆಗೆ ತೂಗುಹಾಕುವ ಕೊಂಬು.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ನಿರ್ವಹಣೆ ಕಲಿಸುತ್ತಿದ್ದ, ತಾವೂ ಬಿಲ್ಲುಬೇಟೆ ಆಡುತ್ತಿದ್ದ ಆಲ್ಡೊ ಲಿಯೋಪೋಲ್ಡ್ ಈ ಸತ್ಯವನ್ನು ಹೇಳಿದರು. ಜಿಂಕೆ ಹೆಚ್ಚಾಗಿ ಕಾಡಿನ ಸಸಿಗಳನ್ನೇ ತಿಂದು ಮುಗಿಸುತ್ತಿದೆ, ಹೆಣ್ಣುಗಳನ್ನೂ ತೆಗೆಯಬೇಕು ಎಂದು ವಾದಿಸಿದರು. 1943ರಲ್ಲಿ ಅದರಂತೆ ಬೇಟೆಗೆ ಅವಕಾಶವಾದಾಗ ರಾಜ್ಯದಲ್ಲೆಲ್ಲ ಗದ್ದಲವೆದ್ದಿತು. 1996ರಲ್ಲಿ ಅದೇ ರಾಜ್ಯ, ಹಿಂಡು ಮಿತಿಮೀರಿದ ಕಡೆಗಳಲ್ಲಿ "ಮೊದಲು ಹೆಣ್ಣು, ಆಮೇಲೆ ಗಂಡು" ಎಂಬ ನಿಯಮ ತಂದಿತು. ನಿಯಮ ಫಲ ಕೊಟ್ಟಿತು. ಆದರೆ ಬೇಟೆಗಾರರಿಗೆ ರುಚಿಸಲಿಲ್ಲ. 2011ರಲ್ಲಿ ಅದನ್ನು ಕೈಬಿಡಲಾಯಿತು. ಬೇಟೆಗಾರನ ಹಿತ, ರೈತನ ಹಿತ ಎರಡೂ ಒಂದೇ ಎಂದು ನಂಬಿ ಕೂರಬಾರದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಮೆಚ್ಚಬೇಕಾದ ಸಂಗತಿ

ಆದರೆ ಆ ರಾಜ್ಯ ಮಾಡಿದ ಒಂದು ಕೆಲಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. 1983ರಿಂದ ಅಲ್ಲಿ ವನ್ಯಪ್ರಾಣಿಗಳ ಬೆಳೆಹಾನಿಗೆ ಒಂದು ಯೋಜನೆಯಿದೆ. ಜಿಲ್ಲೆಯ ಸಿಬ್ಬಂದಿ ಹೊಲಕ್ಕೆ ಬಂದು ನೋಡಿ ಮೊದಲು ತಡೆಯುವ ಉಪಾಯ ಸೂಚಿಸುತ್ತಾರೆ, ಅದಕ್ಕೆ ನೆರವು ಕೊಡುತ್ತಾರೆ. ಆಮೇಲೂ ಉಳಿದ ಹಾನಿಯನ್ನು ಅಳೆದು ಪರಿಹಾರ ಕೊಡುತ್ತಾರೆ. ಪರಿಹಾರ ಪಡೆಯುವ ರೈತ ತನ್ನ ಜಮೀನಿನಲ್ಲಿ ಬೇಟೆಗೆ ಅವಕಾಶ ಕೊಡಬೇಕೆಂಬ ಕಟ್ಟಳೆಯೂ ಇದೆ. ಈ ಹಣ ಬರುವುದು ಬೇಟೆಗಾರರು ಪರವಾನಗಿಗೆ ಕಟ್ಟುವ ಶುಲ್ಕದಿಂದ. ಅಂದರೆ ಜಿಂಕೆಯಿಂದ ಸಂತೋಷಪಡುವವನು ಜಿಂಕೆಯಿಂದ ನಷ್ಟಪಟ್ಟವನಿಗೆ ಕೊಡುತ್ತಾನೆ.

ಇಡೀ ದೇಶಕ್ಕೆ ಅನ್ವಯಿಸುವ 1937ರ ಕಾನೂನಿನಂತೆ ಬೇಟೆಯ ಬಂದೂಕು, ತೋಟಾಗಳ ಮೇಲಿನ ತೆರಿಗೆ ವನ್ಯಜೀವಿಗಳ ಕೆಲಸಕ್ಕೇ ಮೀಸಲು. ಬಿಲ್ಲು ಬಾಣಗಳನ್ನೂ ಆ ತೆರಿಗೆಗೆ ಸೇರಿಸುವ ತಿದ್ದುಪಡಿಯಾದದ್ದು 1972ರಲ್ಲಿ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆ ಹುಟ್ಟಿದ್ದೂ ಅದೇ ವರ್ಷ. 1991ರ ತಿದ್ದುಪಡಿಯ ನಂತರ ನಮ್ಮಲ್ಲಿ ಪರವಾನಗಿ ಬೇಟೆಯೂ ಇಲ್ಲವಾಯಿತು.

ನಮ್ಮಲ್ಲಿ ಏನಾಗಬೇಕು?

ನಮ್ಮಲ್ಲಿಯೂ ಬಿಲ್ಲುಬೇಟೆ ಬರಲಿ ಎಂದು ನಾನು ಹೇಳಲಾರೆ. ಅಲ್ಲಿ ಜಿಂಕೆಯನ್ನು ಹಿಡಿಯುವ ತೋಳ, ದೊಡ್ಡ ಬೆಕ್ಕುಗಳು ಬಹುಭಾಗದಲ್ಲಿ ಅಳಿದುಹೋಗಿ ಆ ಕೆಲಸ ಮನುಷ್ಯನ ಮೇಲೆ ಬಿದ್ದಿತು. ನಮ್ಮಲ್ಲಿ ತೋಳ, ಚಿರತೆ ಇನ್ನೂ ಇವೆ. ಅವರ ಜಿಂಕೆ ಕೋಟಿಗಳ ಲೆಕ್ಕದಲ್ಲಿದೆ, ಅವಳಿ ಹೆರುತ್ತದೆ. ನಮ್ಮ ಚಿಗರಿ ಸಾಮಾನ್ಯವಾಗಿ ಹೆರುವುದು ಒಂದೇ ಮರಿ. ಹಿಂದೆ ದೇಶದಲ್ಲೆಲ್ಲ ಹೇರಳವಾಗಿದ್ದ ಈ ಪ್ರಾಣಿ ಬೇಟೆಯಿಂದ ಕರಗಿ, 1974ರಲ್ಲಿ ರಾಣೆಬೆನ್ನೂರಿನಲ್ಲಿ ಅದಕ್ಕಾಗಿ ಅಭಯಾರಣ್ಯ ಮಾಡಬೇಕಾಯಿತು. ಬೆಳೆಗೆ ಹಾನಿ ಮಾಡುವ ಕೆಲವು ಪ್ರಾಣಿಗಳ ವಿಷಯದಲ್ಲಿ ಲಿಖಿತ ಅನುಮತಿ ಕೊಡಲು ಕಾಯಿದೆಯಲ್ಲಿ ಅವಕಾಶವಿದೆ. ಆದರೆ ಕೃಷ್ಣಮೃಗ ಮೊದಲನೆಯ ಅನುಸೂಚಿಯಲ್ಲಿದೆ. ಬೆಳೆ ತಿಂದಿತೆಂದು ಅದನ್ನು ಕೊಲ್ಲಲು ಅನುಮತಿ ಸಿಗುವುದಿಲ್ಲ. ಕೊಂದರೆ 3 ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ.

ಇನ್ನೊಂದು ಮಾತನ್ನು ಎದೆ ಗಟ್ಟಿ ಮಾಡಿಕೊಂಡು ಬರೆಯುತ್ತಿದ್ದೇನೆ. ಕೆಲವರು ಸಿಟ್ಟಿಗೆ ಹೊಲದ ಸುತ್ತ ಕರೆಂಟಿನ ತಂತಿ ಬಿಡುತ್ತಾರೆ. ಹಿಂದೆ ನಾನು ಕೆಲಸ ಮಾಡಿದ ಹೋಬಳಿಯೊಂದರಲ್ಲಿ ಹಂದಿಗೆಂದು ಬಿಟ್ಟ ತಂತಿಗೆ, ರಾತ್ರಿ ನೀರು ಹಾಯಿಸಲು ಹೋದ ಪಕ್ಕದ ಹೊಲದ ಹುಡುಗ ಬಲಿಯಾದ. ಹಂದಿ ಮರುವಾರವೂ ಬಂತು. ಎರಡು ಮನೆಗಳು ಮಾತ್ರ ಹಾಳಾದವು. ದಯವಿಟ್ಟು ಆ ಕೆಲಸ ಯಾರೂ ಮಾಡಬೇಡಿ.

ಹಾಗೆಂದು ರೈತ ಸುಮ್ಮನೆ ನಷ್ಟ ಅನುಭವಿಸಬೇಕೆ? ಬೇಡ. ಚಿಗರಿ ದೇಶದ ಸ್ವತ್ತಾದರೆ ಅದರ ಮೇವಿನ ಖರ್ಚೂ ದೇಶದ್ದೇ ಆಗಬೇಕು. ಎರಡೆಕರೆಯ ರೈತನೊಬ್ಬನದೇ ಅಲ್ಲ. ಪರಿಹಾರ ಬೇಗ ಬರಬೇಕು, ಮರುಬಿತ್ತನೆಯ ಬೀಜದ ಖರ್ಚೂ ಅದರಲ್ಲಿ ಸೇರಬೇಕು, ಬೇಲಿಗೆ ನೆರವು ಬೇಕು, ಹಿಂಡು ಎಷ್ಟಿದೆಯೆಂದು ರೈತರ ಎದುರಿನಲ್ಲಿಯೇ ಎಣಿಕೆಯಾಗಬೇಕು. ಇದನ್ನು ಗಟ್ಟಿಯಾಗಿ ಕೇಳಬೇಕಾದರೆ ನಮ್ಮ ಕೈಯಲ್ಲಿ ಲೆಕ್ಕ ಬೇಕು. "ಭಾಳ ತಿಂತಾವ್ರಿ" ಎಂದರೆ ಯಾವ ಕಚೇರಿಯೂ ಬರೆದುಕೊಳ್ಳುವುದಿಲ್ಲ. "ಸರ್ವೆ ನಂಬರು ಇಂಥದು, ಬಿತ್ತಿ ಹದಿನೆಂಟನೆಯ ದಿನ, ಹದಿನಾಲ್ಕು ಗುಂಟೆ ಗೋವಿನಜೋಳ ಹೋಯಿತು, ಮುಂಜಾನೆ ಏಳಕ್ಕೆ ಇಪ್ಪತ್ತೆರಡು ಚಿಗರಿ ಕಂಡೆವು" ಎಂದರೆ ಬರೆದುಕೊಳ್ಳಲೇಬೇಕಾಗುತ್ತದೆ.

ಆದ್ದರಿಂದ ನನ್ನ ಸಲಹೆ ಇಷ್ಟು. ಪ್ರತಿ ಊರಿನ ವಾಚನಾಲಯದಲ್ಲಿ ನೂರು ಪುಟದ ಒಂದು ವಹಿ ಇಡಿ. ಹಾನಿಯಾದ ದಿನವೇ ತಾರೀಖು, ಸರ್ವೆ ನಂಬರು, ಬೆಳೆ, ಬೆಳೆಯ ವಯಸ್ಸು, ಹಾಳಾದ ಗುಂಟೆ, ಕಂಡ ಪ್ರಾಣಿಗಳ ಸಂಖ್ಯೆ ಬರೆದು ಇಬ್ಬರು ಸಹಿ ಮಾಡಿ. ಮೊಬೈಲಿನಲ್ಲಿ ಹೊಲದ ಫೋಟೋ ತೆಗೆದಿಡಿ. ಉತಾರದ ಪ್ರತಿಯೊಂದಿಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಡಮಾಡದೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬರೆಯಲು ಬಾರದ ಹಿರಿಯರಿಗೆ ವಾಚನಾಲಯದ ತರುಣರು ಬರೆದುಕೊಡಲಿ.

ಅಂದು ಮೊಬೈಲು ತೋರಿಸಿದ ತರುಣನಿಗೂ ಇದನ್ನೇ ಹೇಳಿದೆ. ಅವನು ಮೊದಲು ನಕ್ಕ. ಮುಂದಿನ ಭೇಟಿಯಲ್ಲಿ ನೋಡಿದರೆ ವಹಿ ಇತ್ತು, ಒಂಬತ್ತು ಹೊಲಗಳ ಹಾನಿ ಬರೆದಿತ್ತು, ಕೆಳಗೆ ಅವನದೇ ಕೈಬರಹ.