ರಸ್ತೆ ಊರಿನದು, ಬಾಗಿಲು ಯಾರದು?

ವೃತ್ತಪತ್ರಿಕೆಗಳಲ್ಲಿ ‘ವಿಜ್ಞಾನ–ತಂತ್ರಜ್ಞಾನ’ ಎಂಬ ಶೀರ್ಷಿಕೆಯ ಕೆಳಗೆ ಅಚ್ಚಾಗುತ್ತಿರುವುದರಲ್ಲಿ ವಿಜ್ಞಾನವೆಷ್ಟು, ವ್ಯಾಪಾರವೆಷ್ಟು ಎಂಬುದನ್ನು ಓದುಗರು ತೂಗಿ ನೋಡಬೇಕಾದ ಕಾಲ ಬಂದಿದೆ. ಹೊಸ ತತ್ತ್ವವೊಂದು ಶೋಧವಾದರೆ ಅದು ವಿಜ್ಞಾನವಾರ್ತೆ. ಒಂದು ಕಂಪೆನಿ ಇನ್ನೊಂದು ಕಂಪೆನಿಯ ಗಿರಾಕಿಗಳನ್ನು ಸೆಳೆದುಕೊಂಡರೆ ಅದು ಪೇಟೆಯ ಸುದ್ದಿ ಮಾತ್ರ. 2024ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಐಫೆಲ್ ಗೋಪುರದ ಟಿಕೆಟಿಗೆ ನಮ್ಮ ಯುಪಿಐ ಮೂಲಕ ಹಣ ತೆರಬಹುದೆಂದು ಓದಿದಾಗ ನಾವೆಲ್ಲ ಹೆಮ್ಮೆಪಟ್ಟೆವು. 2025ರ ಆಗಸ್ಟ್ ತಿಂಗಳೊಂದರಲ್ಲೇ 2000 ಕೋಟಿಗೂ ಮಿಕ್ಕಿ ಯುಪಿಐ ಪಾವತಿಗಳು ನಡೆದುವೆಂದಾಗಲೂ ಹೆಮ್ಮೆಪಟ್ಟೆವು. ಅದು ಸಹಜವೇ. ಆದರೆ ಆ ಪಾವತಿಗಳಲ್ಲಿ ಐದಕ್ಕೆ ನಾಲ್ಕು ಫೋನ್‌ಪೇ ಮತ್ತು ಗೂಗಲ್ ಪೇ ಎಂಬ ಎರಡೇ ಆ್ಯಪ್‌ಗಳ ಮೂಲಕ ಹಾದುಹೋದುವು ಎಂಬ ಸಂಗತಿ ಅಷ್ಟು ದಪ್ಪ ಅಕ್ಷರಗಳಲ್ಲಿ ಅಚ್ಚಾಗಲಿಲ್ಲ. ವ್ಯಾಪಾರಿಗಳೂ ಬಸದಿಗಳ ಆಡಳಿತ ಮಂಡಳಿಗಳೂ ಮುಖ್ಯವಾಗಿ ಯೋಚಿಸಬೇಕಾದದ್ದು ಈ ಸಂಗತಿಯನ್ನೇ.

ಮೊದಲು ಈ ವ್ಯವಸ್ಥೆಯ ಸ್ವರೂಪವನ್ನು ತಿಳಿಯೋಣ. ಯುಪಿಐ ಯಾವ ಖಾಸಗಿ ಕಂಪೆನಿಯ ಸೃಷ್ಟಿಯೂ ಅಲ್ಲ. ರಿಸರ್ವ್ ಬ್ಯಾಂಕು ಮತ್ತು ಬ್ಯಾಂಕುಗಳ ಸಂಘ ಕೂಡಿ 2008ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಪಾವತಿ ನಿಗಮವು 2016ರಲ್ಲಿ ಇದನ್ನು ಆರಂಭಿಸಿತು. ನಿಗಮವು ಲಾಭದ ಉದ್ದೇಶವಿಲ್ಲದ ಸಂಸ್ಥೆ. ಗಿರಾಕಿಯ ಹಣ ಅವನ ಬ್ಯಾಂಕಿನಿಂದ ಹೊರಟು, ನಿಗಮದ ಯಂತ್ರವ್ಯವಸ್ಥೆಯ ಮೂಲಕ ನೇರವಾಗಿ ಅಂಗಡಿಯವನ ಬ್ಯಾಂಕಿಗೆ ಸೇರುತ್ತದೆ. ನಡುವಿನ ಆ್ಯಪ್ ಆ ಹಣವನ್ನು ತನ್ನ ಪೆಟ್ಟಿಗೆಯಲ್ಲಿ ಒಂದು ಕ್ಷಣವೂ ಇರಿಸಿಕೊಳ್ಳುವುದಿಲ್ಲ. ರಸ್ತೆ ಸಾರ್ವಜನಿಕರದು, ಗಾಡಿ ಬ್ಯಾಂಕುಗಳದು. ಆ್ಯಪ್ ಎಂಬುದು ಆ ರಸ್ತೆಗೆ ಇಳಿಯುವ ಬಾಗಿಲು, ಅಷ್ಟೇ. ಬಾಗಿಲಲ್ಲಿ ಕುಳಿತವರನ್ನೇ ರಸ್ತೆ ಕಟ್ಟಿದವರೆಂದು ಜನ ಭಾವಿಸಿದ್ದಾರೆ. ‘ಫೋನ್‌ಪೇ ಮಾಡು’ ಎಂಬುದು ನಮ್ಮ ಮನೆಗಳಲ್ಲಿ ಒಂದು ಕ್ರಿಯಾಪದವೇ ಆಗಿಹೋಗಿದೆ.

ಇಬ್ಬರ ಕೈಗೇ ಎಲ್ಲವೂ ಸೇರುವ ಅಪಾಯ ನಿಗಮಕ್ಕೆ ತಿಳಿದಿರಲಿಲ್ಲವೆಂದಲ್ಲ. ಒಟ್ಟು ಪಾವತಿಗಳಲ್ಲಿ ಯಾವ ಆ್ಯಪ್‌ನ ಪಾಲೂ ಶೇಕಡಾ 30ನ್ನು ಮೀರಬಾರದೆಂದು 2020ರ ನವೆಂಬರಿನಲ್ಲಿ ಅದೇ ವಿಧಿಸಿತು. ಈಗಾಗಲೇ ಮಿತಿ ಮೀರಿದ್ದವರಿಗೆ ಎರಡು ವರ್ಷಗಳ ಅವಕಾಶ ಕೊಟ್ಟಿತು. ಅವಧಿ ಮುಗಿಯುವ ಮೊದಲು, 2022ರ ಡಿಸೆಂಬರಿನಲ್ಲಿ, ಗಡುವನ್ನು 2024ರ ಕೊನೆಗೆ ಮುಂದೂಡಿತು. 2024ರ ಡಿಸೆಂಬರ್ 31ರಂದು ಮತ್ತೆ 2026ರ ಕೊನೆಗೆ ಮುಂದೂಡಿತು. ಸಣ್ಣ ವ್ಯಾಪಾರಿಯೊಬ್ಬ ತನ್ನ ತೆರಿಗೆಯ ಲೆಕ್ಕಪತ್ರವನ್ನು ಒಂದು ದಿನ ತಡವಾಗಿ ಒಪ್ಪಿಸಿದರೆ ದಂಡ ತೆರಬೇಕು. ದೊಡ್ಡವರ ವಿಷಯದಲ್ಲಿ ಗಡುವೇ ಎದ್ದು ಮುಂದೆ ಹೋಗಿ ಕುಳಿತುಕೊಳ್ಳುತ್ತದೆ. ಇದು ಯಾವ ನ್ಯಾಯ?

ಈ ಪ್ರಶ್ನೆಯನ್ನು ಕೇಳುವ ಹಕ್ಕು ಉಡುಪಿ ಜಿಲ್ಲೆಗೆ ಉಳಿದವರಿಗಿಂತ ಹೆಚ್ಚಾಗಿದೆ. ಜನಸಾಮಾನ್ಯರ ಹಣದ ವ್ಯವಹಾರದಲ್ಲಿ ದೇಶಕ್ಕೆ ಮಾದರಿಯಾದ ಪ್ರಯೋಗಗಳು ನಡೆದದ್ದು ಇಲ್ಲಿಯೇ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಕಟ್ಟಿದ ಬ್ಯಾಂಕು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1925ರಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವ ಅವರು 8000 ರೂಪಾಯಿ ಬಂಡವಾಳದಿಂದ ಇದೇ ಊರಿನಲ್ಲಿ ಆರಂಭಿಸಿದ ಸಂಸ್ಥೆ ಸಿಂಡಿಕೇಟ್ ಬ್ಯಾಂಕ್ ಎಂದು ಬೆಳೆದು, ಮಣಿಪಾಲವನ್ನು ತನ್ನ ಕೇಂದ್ರವಾಗಿ ಮಾಡಿಕೊಂಡಿತು. ಕೈಮಗ್ಗದ ನೇಕಾರರು ಸಂಕಷ್ಟದಲ್ಲಿದ್ದ ಕಾಲವದು. 1928ರಲ್ಲಿ ಬಂದ ಪಿಗ್ಮಿ ಠೇವಣಿ ಯೋಜನೆಯಲ್ಲಿ ಸಂಗ್ರಾಹಕರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಬರೆದುಕೊಂಡು ಒಯ್ಯುತ್ತಿದ್ದರು. ಬಡವನ ಎರಡಾಣೆಯೂ ಲೆಕ್ಕಕ್ಕೆ ಅರ್ಹವೆಂಬ ಆ ವಿಚಾರವೇ ಅಂದಿನ ದೊಡ್ಡ ತಂತ್ರಜ್ಞಾನ. ಅದಕ್ಕೆ ವಿದ್ಯುತ್ತೂ ಬೇಕಿರಲಿಲ್ಲ.

ಪಿಗ್ಮಿ ಸಂಗ್ರಾಹಕನಿಗೂ ನಮ್ಮ ಗುಟ್ಟು ತಿಳಿಯುತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ತಿಳಿಯುತ್ತಿತ್ತು. ಯಾವ ಅಂಗಡಿಯಲ್ಲಿ ವ್ಯಾಪಾರ ಕುಗ್ಗಿದೆ, ಯಾವ ಮನೆಯಲ್ಲಿ ಮದುವೆಗೆ ಕೂಡಿಡುತ್ತಿದ್ದಾರೆ ಎಂಬುದು ಅವನಿಗೆ ಗೊತ್ತಿರುತ್ತಿತ್ತು. ಆದರೆ ಅವನು ನಮ್ಮ ಬೀದಿಯವನು. ಮಾತು ಹೊರಗೆ ಬಿದ್ದರೆ ಮರುದಿನ ನಮಗೆ ಮುಖ ತೋರಿಸಬೇಕಾಗಿದ್ದವನು. ತಪ್ಪು ಲೆಕ್ಕಕ್ಕೆ ಅವನನ್ನು ನಿಲ್ಲಿಸಿ ಕೇಳಬಹುದಿತ್ತು. ಇಂದು ಪಾವತಿ ನಡುದಾರಿಯಲ್ಲಿ ಸಿಕ್ಕಿಬಿದ್ದರೆ ಕಾರ್ಕಳದ ದಿನಸಿ ವ್ಯಾಪಾರಿ ಯಾರನ್ನು ನಿಲ್ಲಿಸಿ ಕೇಳಬೇಕು? ದೂರವಾಣಿಯಲ್ಲಿ ಮುದ್ರಿತ ಧ್ವನಿಯನ್ನೇ?

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದುವು. ಉಡುಪಿಯಲ್ಲಿ ಹುಟ್ಟಿದ ಎರಡು ಹೆಸರುಗಳು ಒಂದೇ ದಿನ ಫಲಕಗಳಿಂದ ಇಳಿದುವು. ಅದೇ ವರ್ಷದ ಜನವರಿ 1ರಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಯಾವ ಶುಲ್ಕವನ್ನೂ ತೆಗೆದುಕೊಳ್ಳಬಾರದೆಂಬ ನಿಯಮವೂ ಜಾರಿಗೆ ಬಂದಿತ್ತು. ಈ ನಿಯಮ ಸಣ್ಣ ವ್ಯಾಪಾರಿಗೆ ಉಪಕಾರವನ್ನೇ ಮಾಡಿತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ‘ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ’ ಎನ್ನುವ ಮೊದಲು ಲೆಕ್ಕ ಬಲ್ಲವನು ಒಂದು ಪ್ರಶ್ನೆ ಕೇಳಬೇಕು: ಶುಲ್ಕವೇ ಇಲ್ಲದ ಕೆಲಸಕ್ಕೆ ಎರಡು ಬೃಹತ್ ಕಂಪೆನಿಗಳು ಇಷ್ಟು ಹಣ ಸುರಿದದ್ದೇಕೆ?

ಉತ್ತರ ಗುಟ್ಟಿನದಲ್ಲ. ಸಣ್ಣ ಪಾವತಿಗಳ ಖರ್ಚನ್ನು ಅಂಶತಃ ಸರಕಾರವೇ ಭರಿಸುತ್ತ ಬಂದಿದೆ. 2024–25ನೆಯ ಸಾಲಿಗೆ ಸುಮಾರು 1500 ಕೋಟಿ ರೂಪಾಯಿಗಳ ಪ್ರೋತ್ಸಾಹಧನಕ್ಕೆ ಒಪ್ಪಿಗೆ ಸಿಕ್ಕಿತ್ತು. ಎಂದರೆ ‘ಉಚಿತ’ಕ್ಕೆ ನಾವೇ ತೆರಿಗೆಯ ರೂಪದಲ್ಲಿ ಬೆಲೆ ತೆತ್ತಿದ್ದೇವೆ. ಅದರ ಮೇಲೆ ಮೊಬೈಲ್ ರೀಚಾರ್ಜಿನ ಸೇವಾಶುಲ್ಕವು ಫೋನ್‌ಪೇಯಲ್ಲಿ 2021ರಲ್ಲಿ, ಗೂಗಲ್ ಪೇಯಲ್ಲಿ 2023ರಲ್ಲಿ ಕಾಣಿಸಿಕೊಂಡಿತು. ಅಂಗಡಿಯಲ್ಲಿ ಮೊತ್ತವನ್ನು ಕೂಗಿ ಹೇಳುವ ಪೆಟ್ಟಿಗೆಗೆ ತಿಂಗಳ ಬಾಡಿಗೆ. ಆ್ಯಪ್ ತೆರೆದೊಡನೆ ಸಾಲ, ವಿಮೆ, ಚಿನ್ನಗಳ ಆಹ್ವಾನ. ಗೂಗಲ್ ಕಂಪೆನಿಯ ಆದಾಯದ ಬಹುಭಾಗ ಜಾಹೀರಾತಿನದೆಂಬುದು ಜಗಜ್ಜಾಹೀರು. 2018ರಲ್ಲಿ ಫ್ಲಿಪ್‌ಕಾರ್ಟನ್ನು ಕೊಂಡಾಗ ಫೋನ್‌ಪೇಯ ಒಡೆತನವನ್ನೂ ಪಡೆದ ವಾಲ್‌ಮಾರ್ಟ್ ಅಮೆರಿಕದ ಅತಿದೊಡ್ಡ ಚಿಲ್ಲರೆ ವ್ಯಾಪಾರಿ. ಬಾಗಿಲಲ್ಲಿ ಕುಳಿತವನಿಗೆ ಸುಂಕವಿಲ್ಲದಿದ್ದರೂ, ಯಾರು ಎಷ್ಟು ಹೊತ್ತಿಗೆ ಯಾರ ಮನೆಗೆ ಹೋದರೆಂಬ ತಿಳಿವಳಿಕೆಯೇ ಒಂದು ಬಂಡವಾಳ.

ಇದನ್ನು ಅಳೆಯಲು ಹೊಸ ಅಳತೆಗೋಲು ಬೇಕಿಲ್ಲ. ಶ್ರಾವಕನ ಸತ್ಯಾಣುವ್ರತಕ್ಕೆ ಹೇಳಿರುವ ಅತಿಚಾರಗಳಲ್ಲಿ ‘ಸಾಕಾರಮಂತ್ರಭೇದ’ವೂ ಒಂದು. ಇನ್ನೊಬ್ಬನ ಮುಖಭಾವ, ಚೇಷ್ಟೆಗಳಿಂದ ಅವನ ಅಂತರಂಗವನ್ನು ಊಹಿಸಿ ಹೊರಗೆಡಹುವುದು ಅದರ ಅರ್ಥ. ಸುಳ್ಳು ಹೇಳದೆಯೂ ಸತ್ಯವ್ರತಕ್ಕೆ ಕುಂದು ತರಬಹುದೆಂದು ಹಿರಿಯರು ಕಂಡುಕೊಂಡಿದ್ದರು. ಜಾತ್ರೆಯ ದನದ ವ್ಯಾಪಾರದಲ್ಲಿ ಬೈರಾಸಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುತ್ತಿದ್ದ ಪದ್ಧತಿಯನ್ನು ಹಳಬರು ಬಲ್ಲರು. ಬೆಲೆ ಎಂಬುದು ಇಬ್ಬರ ನಡುವಿನ ಮಾತಾಗಿತ್ತು. ಈಗಿನ ಪೆಟ್ಟಿಗೆ ಚಿತ್ರನಟರ ದನಿಯಲ್ಲಿ ಅದನ್ನು ಇಡೀ ಅಂಗಡಿಗೆ ಸಾರುತ್ತದೆ. ಅದಕ್ಕಿಂತ ಗಂಭೀರವಾದದ್ದು ಸಾರದೆ ಸಂಗ್ರಹವಾಗುವ ಸಂಗತಿ. ವ್ಯಕ್ತಿಗತ ದತ್ತಾಂಶಗಳ ರಕ್ಷಣೆಗೆ 2023ರಲ್ಲಿ ಕಾಯ್ದೆಯಾಯಿತು. ಅದರ ನಿಯಮಗಳು ಹೊರಬೀಳಲು 2025ರ ನವೆಂಬರ್ ಬರಬೇಕಾಯಿತು. ಕಾಯ್ದೆ ನಡೆಯುವ ವೇಗಕ್ಕೂ ಕಂಪೆನಿ ಓಡುವ ವೇಗಕ್ಕೂ ಇರುವ ಅಂತರ ಇಷ್ಟು.

ಸ್ಪರ್ಧೆಯಿಂದ ಜನರಿಗೆ ಲಾಭ, ಗೆದ್ದವರು ಯೋಗ್ಯತೆಯಿಂದ ಗೆದ್ದರು ಎಂಬುದು ಇನ್ನೊಂದು ವಾದ. ಒಳ್ಳೆಯ ಆ್ಯಪ್‌ಗಳನ್ನು ಮಾಡಿದ್ದಾರೆಂಬುದು ನಿಜ. ಆದರೆ ಪೇಟೆಯಲ್ಲಿ ಹತ್ತು ಅಂಗಡಿಗಳಿದ್ದರೆ ಸ್ಪರ್ಧೆ. ಎಂಟು ಮುಚ್ಚಿ ಎರಡೇ ಉಳಿದರೆ ಅದು ಸ್ಪರ್ಧೆಯ ಮುಕ್ತಾಯ. ಒಂದೇ ಆಸರೆಯ ಅಪಾಯವನ್ನು ಈಗಾಗಲೇ ಕಂಡಿದ್ದೇವೆ. 2020ರ ಮಾರ್ಚ್ 5ರಂದು ರಿಸರ್ವ್ ಬ್ಯಾಂಕು ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿದಾಗ, ಆ ಬ್ಯಾಂಕನ್ನು ನೆಚ್ಚಿದ್ದ ಫೋನ್‌ಪೇ ಸ್ತಬ್ಧವಾಯಿತು. ಬೇರೆ ಬ್ಯಾಂಕನ್ನು ಜೋಡಿಸಿಕೊಂಡ ಮೇಲೆಯೇ ಚೇತರಿಸಿತು. 2024ರ ಜನವರಿ 31ರಂದು ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಮೇಲೆ ನಿರ್ಬಂಧ ಬಂದಾಗ ಅಲ್ಲಿ ಖಾತೆಯಿದ್ದ ವ್ಯಾಪಾರಿಗಳು ಬೇರೆ ಖಾತೆಗಾಗಿ ಓಡಾಡಿದರು. 2025ರ ಮಾರ್ಚ್ 26 ಮತ್ತು ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐಯೇ ತಡೆಯಿತು. ಅಂತಹ ಹೊತ್ತಿನಲ್ಲಿ ಕೈಯಲ್ಲಿ ನೋಟಿದ್ದವನಷ್ಟೇ ಸ್ವತಂತ್ರ.

2025ರ ಜುಲೈಯ ಪಾಠ ಬೇರೆ ಬಗೆಯದು. ಯುಪಿಐ ಜಮೆಯ ಮೊತ್ತವನ್ನು ಆಧರಿಸಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿತು. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಚೀಟಿ ಹರಿದು ‘ನಗದು ಮಾತ್ರ’ ಎಂಬ ಫಲಕ ಬಂತು. ಸರಕಾರವು ವ್ಯಾಪಾರಿಗಳೊಡನೆ ಮಾತುಕತೆ ನಡೆಸಿ ಭರವಸೆ ಕೊಟ್ಟ ಬಳಿಕ ಕೋಲಾಹಲ ತಣ್ಣಗಾಯಿತು. ತೆರಿಗೆ ತಪ್ಪಿಸುವವನ ಪಕ್ಷವನ್ನು ನಾವು ವಹಿಸಬಾರದು; ರಾಜ್ಯದ ನಿಯಮವನ್ನು ಮೀರಿದ ಗಳಿಕೆ ಅಚೌರ್ಯಕ್ಕೆ ವಿರುದ್ಧ. ಆದರೆ ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸರಕಿನ ಹಣ, ಬಂಧುಗಳ ಕೈಗಡ, ಮನೆಯ ಖರ್ಚು ಎಲ್ಲವೂ ಒಂದೇ ಮೊತ್ತವಾಗಿ ನಿಂತಾಗ, ಸ್ವಂತ ರೋಕಡ ಪುಸ್ತಕವಿದ್ದವನು ಬಿಡಿಸಿ ತೋರಿಸಬಲ್ಲ. ಲೆಕ್ಕವನ್ನು ಆ್ಯಪ್‌ಗೆ ಒಪ್ಪಿಸಿ ಸುಮ್ಮನಿದ್ದವನು ಏನನ್ನು ತೋರಿಸಬೇಕು? ಮೊಬೈಲಿನಲ್ಲಿರುವುದು ಅವರು ನಮ್ಮ ಬಗ್ಗೆ ಬರೆದ ಲೆಕ್ಕ, ನಾವು ಬರೆದದ್ದಲ್ಲ.

ಹಾಗೆಂದು ಹಿಂದಕ್ಕೆ ಹೋಗಬೇಕೆಂಬುದು ನನ್ನ ವಾದವಲ್ಲ. ಕಾಪುವಿನಲ್ಲಿ ಮೀನು ಮಾರುವ ಮಹಿಳೆಗೆ ಚಿಲ್ಲರೆಯ ಕಾಟ ತಪ್ಪಿದೆ. ದೂರದೂರಿನಿಂದ ಮಣಿಪಾಲಕ್ಕೆ ಬಂದ ವಿದ್ಯಾರ್ಥಿಗೆ ಮನೆಯ ಹಣ ಕ್ಷಣದಲ್ಲಿ ತಲುಪುತ್ತದೆ. ನಗದಿನಲ್ಲಿಯೂ ಖೋಟಾ ನೋಟು, ಕಪ್ಪುಹಣಗಳ ಪಾಪವಿದೆ. ರಸ್ತೆಯನ್ನು ಉಳಿಸಿಕೊಂಡು ಬಾಗಿಲುಗಳನ್ನು ಹೆಚ್ಚಿಸಬೇಕೆಂಬುದಷ್ಟೇ ನನ್ನ ಮಾತು. ನಿಗಮ ಮುಂದೂಡಿದ ಮಿತಿಯನ್ನು ನಮ್ಮ ಮಟ್ಟಿಗೆ ನಾವೇ ಹಾಕಿಕೊಳ್ಳಲು ಯಾರ ಅಪ್ಪಣೆಯೂ ಬೇಡ.

ಹೇಗೆಂದರೆ, ಯಾವ ಸಂಸ್ಥೆ ಕೊಟ್ಟ ಯುಪಿಐ ಕ್ಯೂಆರ್ ಚೀಟಿಯಾದರೂ ಎಲ್ಲ ಆ್ಯಪ್‌ಗಳಿಗೂ ನಡೆಯುತ್ತದೆ. ಇದು ಬಹಳ ಮಂದಿಗೆ ತಿಳಿಯದು. ಆದ್ದರಿಂದ ಅಂಗಡಿಯವರು ತಮ್ಮ ಖಾತೆಯಿರುವ ಬ್ಯಾಂಕಿನಿಂದಲೇ ಚೀಟಿಯನ್ನು ಪಡೆಯಬಹುದು. ಅಷ್ಟರಮಟ್ಟಿಗೆ ಸ್ವೀಕರಿಸುವವರ ಲೆಕ್ಕ ಬ್ಯಾಂಕಿನಲ್ಲಿ ಉಳಿಯುತ್ತದೆ. ಹಣ ಕೊಡುವವರು ತಮ್ಮ ಬ್ಯಾಂಕಿನ ಆ್ಯಪ್ ಅನ್ನೋ, ನಿಗಮದ್ದೇ ಆದ ಭೀಮ್ ಅನ್ನೋ ಬಳಸಬಹುದು. ದಿನದ ಜಮಾ-ಖರ್ಚನ್ನು ಸಂಜೆ ಸ್ವಂತ ಪುಸ್ತಕಕ್ಕೆ ಇಳಿಸಬೇಕು. ವ್ಯಾಪಾರದ ಖಾತೆ, ಮನೆಯ ಖಾತೆ ಬೇರೆಯಾಗಿರಬೇಕು. ನೋಟು ಹಿಡಿದು ಬಂದ ಮುದುಕರನ್ನು ಅಂಗಡಿಯಿಂದ ಹಿಂದಕ್ಕೆ ಕಳುಹಿಸಬಾರದು.

ಬಸದಿಗಳ ಆಡಳಿತ ಮಂಡಳಿಗಳಿಗೆ ಇನ್ನೂ ಎರಡು ಮಾತು. ಕಾಣಿಕೆಯ ಕ್ಯೂಆರ್ ಚೀಟಿ ಸಂಸ್ಥೆಯ ಖಾತೆಗೇ ಜೋಡಿಸಿರಬೇಕು. ಕೋಶಾಧಿಕಾರಿಯ ಸ್ವಂತ ಖಾತೆಗೆ, ಅವರು ಎಷ್ಟೇ ಸಜ್ಜನರಾಗಿರಲಿ, ಎಂದಿಗೂ ಕೂಡದು. ಚೀಟಿಯ ಮೇಲೆ ಬೇರೆ ಚೀಟಿ ಅಂಟಿಸುವ ಮೋಸಗಾರರಿದ್ದಾರೆ, ನಿತ್ಯ ಪರೀಕ್ಷಿಸಬೇಕು. ಎರಡನೆಯದು ಗುಪ್ತದಾನದ ವಿಷಯ. ಮೊಬೈಲಿನ ಕಾಣಿಕೆ ಕೊಟ್ಟವರ ಹೆಸರನ್ನೂ ದಿನಾಂಕವನ್ನೂ ಹಲವು ಯಂತ್ರಗಳಲ್ಲಿ ಬಿಟ್ಟುಹೋಗುತ್ತದೆ. ಬಲಗೈ ಕೊಟ್ಟದ್ದು ಕಂಪೆನಿಗೆ ತಿಳಿಯುವುದಾದರೆ ಅದು ಗುಪ್ತದಾನ ಹೇಗಾದೀತು? ಚೀಟಿ ಇರಲಿ, ಆದರೆ ಹಳೆಯ ಕಾಣಿಕೆ ಡಬ್ಬಿಯನ್ನು ಮೂಲೆಗೆ ಸರಿಸಬಾರದು.

ಮುಂದಿನ ಹೆಜ್ಜೆ ಈಗಾಗಲೇ ಬಿದ್ದಿದೆ. ಮನುಷ್ಯನೊಡನೆ ಸಂಭಾಷಿಸುವ ಚಾಟ್‌ಜಿಪಿಟಿ ಯಂತ್ರವೇ ಸಾಮಾನನ್ನು ಆರಿಸಿ ಯುಪಿಐ ಮೂಲಕ ಹಣ ಕೊಡಿಸುವ ಪ್ರಯೋಗವನ್ನು ಅದರ ಒಡೆಯರಾದ ಓಪನ್‌ಎಐ, ಬೆಂಗಳೂರಿನ ರೇಜರ್‌ಪೇ ಮತ್ತು ಪಾವತಿ ನಿಗಮ ಕೂಡಿ 2025ರ ಅಕ್ಟೋಬರಿನಲ್ಲಿ ಪ್ರಕಟಿಸಿದುವು. ಇದೂ ವಿಜ್ಞಾನವಾರ್ತೆಯಾಗಿಯೇ ಅಚ್ಚಾಯಿತು. ಯಾವ ಅಂಗಡಿಯ ಅಕ್ಕಿ ಕೊಳ್ಳಬೇಕೆಂದು ಯಂತ್ರ ನಿರ್ಧರಿಸುವ ದಿನ ಕಾರ್ಕಳದ ಅಂಗಡಿಯ ಹೆಸರು ಅದಕ್ಕೆ ನೆನಪಾಗುತ್ತದೆಯೇ, ನೆನಪಾಗಲು ಯಾರಿಗೆ ಎಷ್ಟು ತೆರಬೇಕು ಎಂಬ ಪ್ರಶ್ನೆಯನ್ನು ಇಂದೇ ಕೇಳಬೇಕು. ವರ್ತಕರ ಸಂಘಗಳು 30 ಶೇಕಡಾ ಮಿತಿಯನ್ನು ಜಾರಿಗೊಳಿಸುವಂತೆ ರಿಸರ್ವ್ ಬ್ಯಾಂಕಿಗೂ ನಮ್ಮ ಲೋಕಸಭಾ ಸದಸ್ಯರಿಗೂ ಬರೆಯಲಿ. ಟ್ರಸ್ಟುಗಳು ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ತಮ್ಮ ಕ್ಯೂಆರ್ ಚೀಟಿ ಯಾವ ಖಾತೆಗೆ, ಯಾವ ಸಂಸ್ಥೆಯ ಮೂಲಕ ಎಂಬ ವಿಷಯವನ್ನು ಸೇರಿಸಲಿ. ಎರಡಾಣೆಯ ಲೆಕ್ಕವನ್ನು ದೇಶಕ್ಕೆ ಕಲಿಸಿದ ಜಿಲ್ಲೆಗೆ ಇಷ್ಟು ಮಾಡುವುದು ಕಷ್ಟವಲ್ಲ.