ಹುರುಳಿಲ್ಲದ ರಫ್ತಿನ ಮಾತು

ಹುರುಳಿಕಾಳನ್ನು ಕೇಳುವವರು ನಮ್ಮಲ್ಲಿ ಕಡಿಮೆಯಾಗುತ್ತಿದ್ದಾರೆ, ಆದ್ದರಿಂದ ಅದನ್ನು ಹಡಗಿಗೇರಿಸಬೇಕು ಎಂಬ ವಾದವನ್ನು ನಾನು ಒಪ್ಪಲಾರೆ. ಬೇಡಿಕೆ ತಗ್ಗಿದ್ದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಹುರುಳಿ ತಿನ್ನುತ್ತಿದ್ದ ಎತ್ತಿನ ಸ್ಥಾನಕ್ಕೆ ಟ್ರ್ಯಾಕ್ಟರ್ ಬಂದಿತು. ನೆನೆಹಾಕಿ ಬಹುಹೊತ್ತು ಬೇಯಿಸಬೇಕಾದ ಕಾಳಿಗೆ ನಗರದ ಅಡುಗೆಮನೆಯಲ್ಲಿ ವ್ಯವಧಾನ ಇಲ್ಲದಾಯಿತು. ಸಾಲದೆಂಬಂತೆ ಇಂಗ್ಲಿಷಿನ ‘ಹಾರ್ಸ್ ಗ್ರಾಂ’ ಎಂಬ ಹೆಸರು ಬೇರೆ! ಕುದುರೆಯ ಆಹಾರವೆಂದು ಚೀಟಿ ಅಂಟಿಸಿಕೊಂಡು ಹೋದ ಕಾಳಿಗೆ ಪರದೇಶದಲ್ಲಿ ಮನುಷ್ಯರ ಊಟದ ಬೆಲೆ ಸಿಕ್ಕೀತೇ?

2006ರಲ್ಲಿ ಬಹುತೇಕ ಬೇಳೆಕಾಳುಗಳ ರಫ್ತನ್ನು ನಿಷೇಧಿಸಿದ ಕೇಂದ್ರ ಸರ್ಕಾರ 2017ರಲ್ಲಿ ಬಾಗಿಲು ತೆರೆಯಿತು. ಬಾಗಿಲು ತೆರೆದ ಮಾತ್ರಕ್ಕೆ ಗಿರಾಕಿ ಬರುವುದಿಲ್ಲ. ತೆಲುಗರು ಹುರುಳಿಯ ಕಟ್ಟನ್ನು ‘ಉಲವಚಾರು’ ಎಂದು ಹೈದರಾಬಾದಿನ ಹೋಟೆಲುಗಳಲ್ಲಿ ಹೆಮ್ಮೆಯಿಂದ ಬಡಿಸುತ್ತಾರೆ. ಕೊಂಕಣಿಗರ ಕುಳೀಥದ ಹಿಟ್ಟು ಮುಂಬಯಿಯ ಅಂಗಡಿಗಳಲ್ಲಿ ಪೊಟ್ಟಣವಾಗಿ ಮಾರಾಟವಾಗುತ್ತದೆ. ನಮ್ಮ ಹುರುಳಿ ಬಸ್ಸಾರನ್ನು ಮಾತ್ರ ನಾವು ಅತಿಥಿಗಳ ಮುಂದಿಡಲು ನಾಚುತ್ತೇವೆ. ನಾವೇ ನಾಚುವುದನ್ನು ಅನ್ಯರು ಕೊಳ್ಳುವರೆಂದು ನಂಬುವುದು ಎಂಥ ನೀತಿ?

ತುಮಕೂರು, ಚಿತ್ರದುರ್ಗಗಳ ಕೆಂಪುನೆಲದಲ್ಲಿ ಮುಂಗಾರು ಕೈಕೊಟ್ಟ ವರ್ಷ ರೈತನ ಕೈಹಿಡಿಯುವ ಬೆಳೆ ಇದು. ಕಚ್ಚಾ ಕಾಳಿನ ಮೂಟೆ ಹೊರಹೋದರೆ ಲಾಭ ದಲ್ಲಾಳಿಗೆ. ಹಿಟ್ಟಾಗಿ, ಸಾರಿನ ಪುಡಿಯಾಗಿ, ‘ಹುರುಳಿ’ ಎಂಬ ಸ್ವಂತ ಹೆಸರಿನಲ್ಲೇ, ರೈತರ ಸಹಕಾರ ಸಂಘಗಳ ಮೂಲಕ ಹೋದರೆ ಬೆಳೆದವನಿಗೂ ಪಾಲುಂಟು. ಆ ಸರಕಿನ ಮೊದಲ ಪರೀಕ್ಷೆ ಲಂಡನ್ನಿನಲ್ಲಲ್ಲ, ಹೊರನಾಡ ಕನ್ನಡಿಗರಾದ ನಮ್ಮ ಮನೆಗಳಲ್ಲಿ ನಡೆಯಬೇಕು. ನಮ್ಮ ಸಂಘಗಳ ರಾಜ್ಯೋತ್ಸವದ ಊಟದಲ್ಲಿ ಪಲಾವಿನ ಪಕ್ಕದಲ್ಲಿ ಹುರುಳಿಯ ಸಾರಿಗೂ ಎಡೆಯಿರಲಿ. ನಾವು ಉಣ್ಣದ ಕಾಳನ್ನು ಲೋಕಕ್ಕೆ ಉಣಿಸಹೊರಡುವುದು ವ್ಯಾಪಾರವೂ ಅಲ್ಲ, ಅಭಿಮಾನವೂ ಅಲ್ಲ.